ಸಸಿತೋಟದಾಕೆಯ ಪ್ರಶ್ನೆ

ಸಾರಕ್ಕಿ ಕೆರೆ ಪಕ್ಕದ ಸಸಿತೋಟದಲ್ಲಿ ಆ ಬೆಳಿಗ್ಗೆ ಇದ್ದವರು ನಾಲ್ಕೇ ಜನ: ತೋಟದಾಕೆ, ಅವರ ಗಂಡ, ನಮ್ಮ ಅತ್ತೆ, ಮದುವೆಯಾಗಿ ಹೊಸದಾಗಿ ಜಯನಗರಕ್ಕೆ ಬಂದಿದ್ದ ನಾನು. ಮಳೆಗಾಲಕ್ಕೆ ಯಾವ ಸಸಿ ಬೆಳೆಸಬೇಕೆಂದು ತೀರ್ಮಾನಿಸುವಾಗ ತೋಟದಾಕೆ ಯಾವುದು ಹೆಚ್ಚು ಮಾರಾಟವಾಯಿತೆಂದು ನೋಡುತ್ತಿರಲಿಲ್ಲ. ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಹೋದ್ ವರ್ಷದ್ದು ಏನ್ ಬದುಕ್ತು?"

"ಏನೂ ಇಲ್ಲಮ್ಮ. ಮೂರು ವರ್ಷವೂ ಆಸ್ಟರ್ ಹೂಗಿಡ ಒಣಗಿಹೋಯ್ತು. ನನ್ನ ಕೈಗುಣವೇ ಸರಿಯಿಲ್ಲ. ಇನ್ನು ನಾನು ಗಿಡ ಮುಟ್ಟಲ್ಲ, ಇವಳು ನೆಡ್ತಾಳೆ," ಎಂದರು ಅತ್ತೆ, ನನ್ನನ್ನು ತೋರಿಸಿ.

ತೋಟದಾಕೆ ತಮ್ಮ ಗಂಡನ ಕಡೆ ತಿರುಗಿದರು. "ಹೊಸ ಮನೆಗಳ ಮುಂದೆ ಬರೀ ಗಟ್ಟಿ ಮಣ್ಣು, ನಾಜೂಕು ಬೇರು ಇಳಿಯಲ್ಲ. ಈ ಸಲ ಆಸ್ಟರ್ ಬೇಡ. ಚೆಂಡುಹೂವು, ಬದನೆ ಹಾಕಾಣ."

"ಎಲ್ರೂ ಕೇಳೋದು ಆಸ್ಟರೇ. ಒಣಗಿದ್ರೆ ಇನ್ನೊಂದ್ಸಲ ತಗೊಂತಾರೆ, ಬಿಡು."

"ಈ ಅಮ್ಮಾವ್ರು ತಮ್ಮ ಕೈನೇ ಬೈಕೊಂಡು ನಿಂತವ್ರೆ, ಕಾಣಲ್ವಾ ನಿಮ್ಗೆ?"

ಗಂಡ ಹೋಗಿ ಬದನೆ ಬೀಜದ ಡಬ್ಬಿ ತಂದರು.

ಸಸಿ ಎದ್ದ ಮೇಲೆ ನಾವು ಮತ್ತೆ ಹೋದಾಗ, ನಾನು ಕೈಚಾಚಿದರೂ ಆಕೆ ಬದನೆ ಸಸಿಗಳನ್ನು ಅತ್ತೆಯ ಕೈಗೇ ಕೊಟ್ಟರು. ದೀಪಾವಳಿಯ ಹೊತ್ತಿಗೆ ಅತ್ತೆ ನೆಟ್ಟ ಗಿಡದ ತುಂಬ ಕಾಯಿ ಬಿಟ್ಟಿತ್ತು. ಮರುವರ್ಷ ಬಿತ್ತನೆಯ ದಿನ ಆಕೆ ನಮ್ಮ ಮನೆಗೇ ಬಂದು, ಮೊದಲ ಬೀಜ ಹಾಕಲು ಅತ್ತೆಯನ್ನು ಕರೆದುಕೊಂಡು ಹೋದರು.