ಕೌದಿಗೆ ಮೈ ಬಂದರೆ?

ಮಂಚದ ಮೇಲೆ ಕೌದಿ ಹಾಸಿ ನೋಡಿದೆ. ಎರಡೂ ಕಡೆ ಹಾಸಿಗೆ ಇಣುಕುತ್ತಿತ್ತು.

ಟೇಪ್ ಹಿಡಿದೆ. ಅಗಲದಲ್ಲಿ ಹದಿಮೂರೂವರೆ ಇಂಚು ಕಮ್ಮಿ!

ಇದು ಗಿರಾಕಿಯ ಆರ್ಡರ್ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇವು ತೀರಿಹೋದ ನಮ್ಮ ಅಮ್ಮನ ಸೀರೆಗಳು. ಗೂಡಲೂರಿನ ತಂಗಿ ತನ್ನ ಪಾಲಿಗೆ ಬಂದದ್ದನ್ನೆಲ್ಲ ನನ್ನ ಕೈಗೆ ಕೊಟ್ಟು, "ನೀನು ಕತ್ತರಿ ಹಾಕಿದ್ರೆ ನಂಗೆ ಭಯ ಇಲ್ಲ ಅಕ್ಕ" ಅಂದಿದ್ದಳು.

ಕತ್ತರಿ ನಾನೇ ಹಾಕಿದೆ. ಒಂದೇ ಅಳತೆಯ ಚೌಕಗಳು, ನೂಲೆಳೆ ಹೆಚ್ಚುಕಮ್ಮಿ ಇಲ್ಲ. ಆದರೆ ಊಟಿಯಲ್ಲಿ ಸೀಸನ್ ಶುರುವಾಗಿತ್ತು, ಹೋಮ್‌ಸ್ಟೇಗಳ ಕರ್ಟನ್ ಕೆಲಸ ತಲೆ ಮೇಲಿತ್ತು. ಜೋಡಿಸೋದಕ್ಕೆ ಪಕ್ಕದಂಗಡಿಯ ಬ್ಲೌಸ್ ಟೈಲರ್ ಸೆಲ್ವಣ್ಣನಿಗೆ ಕೊಟ್ಟೆ.

ಅಂಚಿನಿಂದ ಕಾಲಿಂಚು ಒಳಗೆ ಹೊಲಿಗೆ ಬರಬೇಕು ಅಂತ ಬೆರಳಿಟ್ಟು ತೋರಿಸಿದ್ದೆ. ತಲೆಯಾಡಿಸಿದ್ದರು ಮಹಾನುಭಾವರು.

ಈಗ ಕೌದಿ ಮಗುಚಿ ನೋಡುತ್ತೇನೆ… ಪ್ರತಿ ಹೊಲಿಗೆಯ ಹಿಂದೂ ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆ ಮಲಗಿದೆ. ಒಂದು ಜೋಡಣೆಗೆ ಒಂದೂವರೆ ಇಂಚು ಹೆಚ್ಚಿಗೆ ನುಂಗಿದರೆ ಒಂಬತ್ತು ಜೋಡಣೆಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

"ಏನ್ ಸೆಲ್ವಣ್ಣ ಇದು?"

"ಬ್ಲೌಸಿಗೆ ನಾವು ಬಿಡೋದೇ ಅಷ್ಟು ಅಕ್ಕಾ. ನಾಳೆ ಮೈ ಬಂದ್ರೆ ಬಿಚ್ಕೋಬೋದಲ್ಲ?"

"ಕೌದಿಗೆ ಮೈ ಬರುತ್ತಾ?"

"ಹೊದ್ಕೊಳ್ಳೋರಿಗೆ ಬರುತ್ತಲ್ಲ!"

ನಗು ಬಂದಿತ್ತು, ನುಂಗಿಕೊಂಡೆ. ನಕ್ಕಿದ್ದರೆ ತಪ್ಪು ನನ್ನದೇ ಆಗಿಬಿಡುತ್ತಿತ್ತು.

ಅದರ ಮೇಲೆ ಸಲಹೆ ಬೇರೆ. ಸುತ್ತಲೂ ಹೊಸ ಬಟ್ಟೆಯ ಬಾರ್ಡರ್ ಕೊಟ್ಟುಬಿಡಿ, ಯಾರಿಗೂ ಗೊತ್ತಾಗಲ್ಲ ಅಂತೆ! ಅಮ್ಮನ ಸೀರೆ ಒಳಗೆ ಮಡಚಿಕೊಂಡು ಕೂರಬೇಕು, ಅಂಗಡಿಯ ಬಟ್ಟೆ ಹೊರಗೆ ಮೆರೆಯಬೇಕು. ಯಾವ ನ್ಯಾಯ ಇದು?

"ಬಿಚ್ಚೋಣ" ಅಂದೆ.

ಬ್ಲೌಸಿನ ಹೊಲಿಗೆ, ಒತ್ತೊತ್ತಾಗಿ ಕೂತಿತ್ತು. ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ. ಒಂದು ಎಳೆ ಜೋರಾಗಿ ಎಳೆದರೆ ಹರಿದುಹೋಗುತ್ತದೆ, ಬದಲಿಗೆ ಹಾಕಲು ಬೇರೆ ತುಂಡಿಲ್ಲ. ಒಂದೊಂದೇ ಹೊಲಿಗೆ ಬಿಚ್ಚುತ್ತಾ ಹೋದೆ. ಸೆಲ್ವಣ್ಣನೂ ಬ್ಲೇಡ್ ಹಿಡಿದು ಎದುರು ಕೂತರು, ಆದರೆ ಬಾಯಿ ನಿಲ್ಲಲಿಲ್ಲ. "ಬಟ್ಟೆ ಬಿಟ್ಟಿದ್ದಕ್ಕೇ ತಾನೇ ಅಕ್ಕಾ ಇವತ್ತು ಬಿಚ್ಚೋಕಾಯ್ತು? ಕತ್ತರಿಸಿ ಬಿಸಾಕಿದ್ರೆ ಏನ್ಮಾಡ್ತಿದ್ರಿ?"

ಅಂದರೆ ನಾನು ಅವರಿಗೆ ಕೃತಜ್ಞಳಾಗಿರಬೇಕು!

ಕರ್ಟನ್ ಬದಿಗಿಟ್ಟು ನಾನೇ ಕಾಲಿಂಚಿಗೆ ಜೋಡಿಸಿದೆ. ಕೌದಿ ಮಂಚದ ತುಂಬ ಬಂತು. ಆದರೆ ಹಳೆಯ ಹೊಲಿಗೆ ಇದ್ದ ಜಾಗ ಈಗ ಮೇಲೆ ಬಂದು, ಚೌಕಗಳ ಅಂಚಿಗುಂಟ ಸೂಜಿತೂತಿನ ಸಾಲು ಕಾಣುತ್ತಿತ್ತು. ಇಸ್ತ್ರಿ ಹಾಕಿದೆ, ನೀರು ಚಿಮುಕಿಸಿದೆ, ಉಗುರಲ್ಲಿ ಉಜ್ಜಿದೆ. ಜಗ್ಗಲಿಲ್ಲ.

ತಂಗಿ ಬಂದಳು. ಕೌದಿಯನ್ನು ಮಡಿಲಲ್ಲಿ ಹರಡಿಕೊಂಡು, ಅಮ್ಮನ ಹಸಿರು ಸೀರೆಯ ಚೌಕದ ಮೇಲೆ ಕೈಯಿಟ್ಟಳು.

ಆಮೇಲೆ ತೂತುಗಳ ಮೇಲೆ ಬೆರಳಾಡಿಸಿದಳು. "ಈ ಚುಕ್ಕಿ ಡಿಸೈನ್ ಎಷ್ಟು ಚೆನ್ನಾಗಿದೆ ಅಕ್ಕ! ಯಾರು ಮಾಡಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಸೆಲ್ವಣ್ಣ, "ನಾನೇ ಮಾ" ಅಂದರು. ಒಂದಿಷ್ಟೂ ನಾಚಿಕೆಯಿಲ್ಲದೆ!

ತಂಗಿ ಖುಷಿಯಾಗಿ ಕೌದಿ ಅಪ್ಪಿಕೊಂಡು ಬಸ್ ಹತ್ತಿದ್ದಾಳೆ… ನಿಜ ಹೇಳಿಬಿಡಲಾ, ಇಲ್ಲಾ ಆ ಮನುಷ್ಯನಿಗೆ ಈ ಹೊಗಳಿಕೆ ದಕ್ಕಲಿ ಅಂತ ಬಿಡಲಾ?