ಮೊದಲು ಏಳುವವರು ಯಾರು?

ಹೊಂಬಳದ ಹುಚ್ಚೀರಪ್ಪನವರು ಎದ್ದರೆ ಮಾತ್ರ ಊಟದ ಪಂಕ್ತಿ ಏಳಬೇಕು; ಹಿರಿಯರಿಗಿಂತ ಮೊದಲು ಯಾರೂ ಏಳುವಂತಿಲ್ಲ. ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ಯಾವ ಮದುವೆಯಲ್ಲಾದರೂ ಅಷ್ಟೆ. ಗದಗಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟು ಮೂವತ್ತು ವರ್ಷವಾದರೂ ಅವರ ಹೆಮ್ಮೆ ಅಂಗಡಿಯದಲ್ಲ, ಈ ಏಳುವ ಅಧಿಕಾರದ್ದು. ಒಮ್ಮೆ ಡಂಬಳದಲ್ಲಿ ಹೋಳಿಗೆಯ ಭಾರಕ್ಕೆ ಅವರು ಕೂತಲ್ಲೇ ನಿದ್ದೆಹೋದಾಗ ಇನ್ನೂರು ಜನ ಎಂಜಲುಗೈ ಒಣಗಿಸಿಕೊಂಡು ಮುಕ್ಕಾಲು ಗಂಟೆ ಕೂತಿದ್ದರು. ಅದನ್ನು ಅವರು ತಮಗೆ ನಡೆದ ಸನ್ಮಾನವೆಂದೇ ಹೇಳುತ್ತಾರೆ.

ಇಂಥವರನ್ನು, ಹತ್ತಿಬೀಜ ಹೆಚ್ಚು ಮಾರಿದ್ದಕ್ಕೆ, ಕಂಪನಿಯೊಂದು ಹೆಂಡತಿ ಅನ್ನಪೂರ್ಣವ್ವನ ಸಮೇತ ಇಟಲಿಗೆ ಕಳಿಸಿತು. ಆಕೆಗಿದ್ದುದು ಒಂದೇ ಆಸೆ: ವೆನಿಸ್ ಊರಿನ ನೀರಿನ ಓಣಿಯಲ್ಲಿ ದೋಣಿ ಹತ್ತಬೇಕು.

ಅಲ್ಲಿಗೆ ಹೋಗುವ ದಿನ ಬಸ್ಸು ದಾರಿಯ ಸಣ್ಣ ಊರೊಂದರಲ್ಲಿ ಊಟಕ್ಕೆ ನಿಂತಿತು. ಪ್ರವಾಸಕ್ಕೆ ಕರೆದುಕೊಂಡು ಬಂದಿದ್ದ ಕಂಪನಿಯ ಹುಡುಗ, ಹುಲಕೋಟಿಯ ವೀರು, ಎರಡಕ್ಕೆ ಹೊರಡುವುದೆಂದು ಮೂರು ಸಲ ಹೇಳಿದ. ಗಂಡಹೆಂಡತಿ ಓಣಿಯೊಳಗಿನ ಆರು ಮೇಜಿನ ಖಾನಾವಳಿ ಹೊಕ್ಕರು. ಮೂಲೆಯಲ್ಲಿ ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡ ಮುದುಕನೊಬ್ಬ ಉಣ್ಣುತ್ತಿದ್ದ. ಬೇರೆ ಯಾರೂ ಇರಲಿಲ್ಲ.

"ಇದು ನಮ್ಮ ಶಾವಿಗಿನ ಅಲ್ಲೇನ್ರಿ? ಹಾಲು-ಬೆಲ್ಲ ಬಿಟ್ಟು ಟೊಮ್ಯಾಟೊ ಸುರುವ್ಯಾರ, ಪಾಪ," ಎಂದಳು ಅನ್ನಪೂರ್ಣವ್ವ.

"ಅನ್ನಕ್ಕ ಹೆಸರಿಡಬ್ಯಾಡ."

ಒಂದೂವರೆಗೆ ತಾಟು ಖಾಲಿಯಾದವು. "ಏಳ್ರಿ, ಹೊತ್ತಾತು."

"ಹೆಂಗ ಏಳ್ಲಿ? ಹಿರ್ಯಾ ಇನ್ನಾ ಕುಂತಾನ."

"ಅಂವಾ ನಿಮ್ಮ ಬೀಗನೇನ್ರಿ?"

"ಬೀಗ ಅಲ್ದಿದ್ರೇನಾತು? ಪಂಕ್ತಿ ಒಂದ ಹೌದಿಲ್ಲೊ?"

ಖಾತ್ರಿಗೆಂದು ಅವರು ಬೆರಳು ಬಿಚ್ಚಿ ಮಡಚಿ ತಮ್ಮ ಅರವತ್ತೆಂಟನ್ನು ಮುದುಕನಿಗೆ ತೋರಿಸಿದರು. ಆತ ಅಷ್ಟೇ ಗಂಭೀರವಾಗಿ ಎಂಬತ್ತೊಂದು ಎಣಿಸಿ ತೋರಿಸಿದ. ತೀರ್ಮಾನವಾಯಿತು. ಆದರೆ ಮುದುಕನ ತಾಟೂ ಎಂದೋ ಖಾಲಿ. ಆತ ನಗುತ್ತ ಕೂತೇ ಇದ್ದ.

ಎರಡಕ್ಕೆ ಐದು ನಿಮಿಷವಿದ್ದಾಗ ವೀರು ಓಡಿಬಂದ. ವಿಷಯ ಕೇಳಿ, ಬಡಿಸುವ ಹೆಂಗಸನ್ನು ಇಂಗ್ಲಿಷಿನಲ್ಲಿ ವಿಚಾರಿಸಿ, ಹಣೆ ಹಿಡಿದುಕೊಂಡ.

"ಕಾಕಾ, ಆ ಮುತ್ಯಾ ಈ ಅಕ್ಕಾರ ಅಪ್ಪ. ಬಂದ ಮಂದಿ ಏಳೂತನಕ ತಾ ಏಳೂದಿಲ್ಲಂತ. ನೀವ ಎದ್ರ ಏಳ್ತಾನಂತ."

ಹುಚ್ಚೀರಪ್ಪನವರ ಕಣ್ಣು ತುಂಬಿದವು. "ಎಂಥಾ ಸಂಸ್ಕಾರದ ಮನಿ ನೋಡಲೇ! ಇಂಥವರ ಮುಂದ ನಾ ಮೊದಲ ಏಳ್ಲ್ಯಾ?"

ಇಬ್ಬರೂ ಕೂಡಿಯೇ ಏಳಲಿ ಎಂದು ವೀರು, ಆ ಹೆಂಗಸಿನಿಂದ ಮುದುಕನಿಗೂ ಹೇಳಿಸಿ, ಬೆರಳೆತ್ತಿ ಮೂರರವರೆಗೆ ಎಣಿಸಿದ. ಇಬ್ಬರೂ ಕುರ್ಚಿಯಿಂದ ಒಂದು ಗೇಣು ಮೇಲೆದ್ದರು. ಇವರು ಅವನನ್ನು ನೋಡಿದರು, ಅವನು ಇವರನ್ನು ನೋಡಿದ. 'ನೀವು ಮೊದಲು' ಎಂದು ಇಬ್ಬರೂ ಕೈಸನ್ನೆ ಮಾಡಿದರು. ಹಾಗೇ ಬಗ್ಗಿ ನಿಂತಿದ್ದು, ಸೊಂಟ ಹಿಡಿದುಕೊಂಡು ಮತ್ತೆ ಕೂತರು.

ಹೊರಗೆ ಬಸ್ಸಿನ ಹಾರ್ನ್ ಆಯಿತು.

ಊರಲ್ಲಿ ಎಲ್ಲರದೂ ಆದ ಮೇಲೆ ಉಣ್ಣುತ್ತಿದ್ದ ಅನ್ನಪೂರ್ಣವ್ವ ಗಂಡನ ಪಂಕ್ತಿಯಲ್ಲಿ ಕೂತದ್ದೇ ಈ ಪ್ರವಾಸದಲ್ಲಿ. ಪಂಕ್ತಿಯ ಕಾನೂನು ಆಕೆಗೆ ಕೇಳಿ ಗೊತ್ತಿತ್ತು, ರೂಢಿಯಿರಲಿಲ್ಲ. ಕೈಚೀಲ ತಗೊಂಡು ಎದ್ದೇಬಿಟ್ಟಳು.

"ಏ, ಕುಂಡ್ರ! ಹಿರ್ಯಾರಿನ್ನಾ ಎದ್ದಿಲ್ಲ!"

"ನೀವಿಬ್ರೂ ಮಾರಿ ನೋಡ್ಕೋತ ಕುಂಡ್ರಿ. ನಾ ದ್ವಾಣಿ ನೋಡಾಕ ಬಂದೇನಿ."

ವೀರು ಬಾಗಿಲಲ್ಲಿ ತಿರುಗಿ ನಿಂತ. "ಸಂಜಿಗೆ ಬಸ್ಸು ಇದ ದಾರೀಲೆ ಬರ್ತೈತಿ, ಕಾಕಾ. ಆವಾಗರ ಎದ್ದಿರ್ರಿ."

ಬಸ್ಸು ಹೋಯಿತು. ಏಳದವರನ್ನು ಖಾಲಿ ತಾಟಿನ ಮುಂದೆ ಕೂರಿಸಲು ಮನಸ್ಸಾಗದೆ ಬಡಿಸುವ ಹೆಂಗಸು ಇಬ್ಬರಿಗೂ ಮತ್ತೆ ಬಡಿಸಿದಳು.

ನಾಲ್ಕೂವರೆಗೆ ಫೋನ್ ಬಂತು. ಹಿಂದೆ ನೀರಿನ ಸಪ್ಪಳ.

"ನಾ ದ್ವಾಣ್ಯಾಗ ಕುಂತೇನ್ರಿ! ನೀವು ಎದ್ರೊ ಇಲ್ಲೊ?"

"ಇಲ್ಲ," ಎಂದರು ಹುಚ್ಚೀರಪ್ಪನವರು ಪಿಸುದನಿಯಲ್ಲಿ. "ಮೆಲ್ಲಕ ಮಾತಾಡು. ಅಂವಗ ಕುಂತಲ್ಲೆ ನಿದ್ದಿ ಹತ್ತೇತಿ."