ಮುಟ್ಟಿದ್ದು ಗೊತ್ತಾಯಿತಾ

ಉಡುಪಿಯ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನಾನು ಅತಿ ಹೆಚ್ಚು ಸಲ ಹೇಳುವ ಮಾತು, "ಗದ್ದ ಇಲ್ಲಿ ಇಡಿ." ಯಂತ್ರದ ಮುಂದೆ ಗದ್ದ ಇಡಲೆಂದೇ ಒಂದು ಸಣ್ಣ ಪ್ಲಾಸ್ಟಿಕ್ ತಟ್ಟೆ ಇದೆ. ಚೂಪು ಗದ್ದ, ಚೌಕ ಗದ್ದ, ನಡುವೆ ಗುಳಿ ಬಿದ್ದ ಗದ್ದ, ಕ್ಷೌರ ಕಾಣದ ಗದ್ದ, ಎಲ್ಲವೂ ಅಲ್ಲಿ ಬಂದು ಕೂರುತ್ತವೆ. ನನ್ನದು ಮಾತ್ರ ಕೂರುತ್ತಿರಲಿಲ್ಲ. ಕೆಳತುಟಿಯಿಂದ ಕುತ್ತಿಗೆಗೆ ಸೀದಾ ಇಳಿಜಾರು. ನಡುವೆ ಗದ್ದ ಎನ್ನುವ ನಿಲ್ದಾಣವೇ ಇರಲಿಲ್ಲ.

ಚಿಕ್ಕಂದಿನಲ್ಲಿ ಅಮ್ಮ ತಲೆ ಬಾಚುವಾಗ ಒಂದು ಕೈಯಲ್ಲಿ ನನ್ನ ಗದ್ದ ಹಿಡಿದು ಮುಖ ಎತ್ತುತ್ತಿದ್ದಳು. ಎಣ್ಣೆಯ ಕೈ, ಜಾರಿ ಹೋಗುತ್ತಿತ್ತು. "ಹಿಡಿಯುವ ಅಂದರೆ ಇವಳಿಗೆ ಎಂತದೂ ಇಲ್ಲ," ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆಗ ನನಗೆ ಅದು ನನ್ನ ಮುಖದ ವಿಷಯ ಎಂದು ಗೊತ್ತಿರಲಿಲ್ಲ.

ಮದುವೆಗಾಗಿಯೇ ಗದ್ದದ ಆಪರೇಷನ್ ಮಾಡಿಸಿಕೊಂಡಿದ್ದೇನೆ ಎಂದು ಗೊತ್ತಿರುವವರೆಲ್ಲ ತಿಳಿದುಕೊಂಡಿದ್ದಾರೆ. ತಿಳಿದುಕೊಳ್ಳಲಿ. ನಲವತ್ತರ ಹತ್ತಿರ ಬಂದ ನಾನು ಆ ಆಸೆಯನ್ನು ಮಡಚಿ ಇಟ್ಟು ಎಷ್ಟೋ ಕಾಲವಾಗಿತ್ತು. ನಾನು ಮಾಡಿಸಿಕೊಂಡದ್ದು ಅಂಗಡಿಯ ಕನ್ನಡಿಗಳಿಗಾಗಿ. ಗೋಡೆಗೆ ಕನ್ನಡಿ, ಕಂಬಕ್ಕೆ ಕನ್ನಡಿ, ಮೇಜಿನ ಮೇಲೆ ಕನ್ನಡಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಯಾವ ಕಡೆ ತಿರುಗಿದರೂ ಪಕ್ಕದಿಂದ ಕಾಣುವ ಒಬ್ಬಳು ಹೆಂಗಸು. ಅವಳ ಜೊತೆ ಇಡೀ ದಿನ ಕಳೆಯುವುದು ನನಗೆ ಸಾಕಾಗಿ ಹೋಗಿತ್ತು.

ಮಣಿಪಾಲದಲ್ಲಿ ನೋಡಿದ ಡಾಕ್ಟರು ತಾಳ್ಮೆಯ ಮನುಷ್ಯ. ಎರಡು ದಾರಿ ಉಂಟು ಎಂದರು. ಒಂದು, ಸಿಲಿಕಾನಿನ ತುಂಡನ್ನು ಎಲುಬಿನ ಮುಂದೆ ಇಟ್ಟು ಹೊಲಿಯುವುದು. ಇನ್ನೊಂದು, ಗದ್ದದ ಎಲುಬನ್ನೇ ಅಡ್ಡಕ್ಕೆ ಕತ್ತರಿಸಿ, ಮೇಜಿನ ಡ್ರಾಯರ್ ಎಳೆದ ಹಾಗೆ ಮುಂದಕ್ಕೆ ತಂದು, ಸಣ್ಣ ತಗಡು ಮತ್ತು ಸ್ಕ್ರೂ ಹಾಕಿ ನಿಲ್ಲಿಸುವುದು. ನನ್ನದು ತುಂಬ ಹಿಂದೆ ಇದ್ದುದರಿಂದ ಎರಡನೆಯದೇ ಒಳ್ಳೆಯದಂತೆ. ಕೊಯ್ಯುವುದು ಕೆಳತುಟಿಯ ಒಳಗಿನಿಂದ, ಹೊರಗೆ ಗಾಯದ ಗುರುತು ಇರುವುದಿಲ್ಲ.

"ಒಂದು ವಿಷಯ ಮೊದಲೇ ಹೇಳ್ತೇನೆ," ಎಂದರು. "ತುಟಿಗೂ ಗದ್ದಕ್ಕೂ ಹೋಗುವ ನರ ಅಲ್ಲೇ ಹತ್ತಿರ ಹೊರಗೆ ಬರ್ತದೆ. ಆಪರೇಷನ್ನಿನಲ್ಲಿ ಅದಕ್ಕೆ ಎಳೆತ ಆಗ್ತದೆ, ಜಾಗ ಮರಗಟ್ಟಿದ ಹಾಗೆ ಆಗ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಯಾಗ್ತದೆ. ಕೆಲವರಿಗೆ ಸ್ವಲ್ಪ ಹಾಗೆಯೇ ಉಳಿಯುವುದೂ ಉಂಟು."

ಉಳಿದರೆ ಉಳಿಯಲಿ ಎಂದುಕೊಂಡೆ. ಗದ್ದದಿಂದ ನಾನು ಓದಬೇಕೇ, ಬರೆಯಬೇಕೇ?

ಜೊತೆಗೆ ಒಬ್ಬರು ಇರಲೇಬೇಕು ಎಂದು ಆಸ್ಪತ್ರೆಯವರು ಹೇಳಿದ್ದಕ್ಕೆ, ಪರ್ಕಳದಲ್ಲಿ ನಾನು ಬಾಡಿಗೆಗಿರುವ ಕೋಣೆಯ ಕೆಳಗಿನ ಮನೆಯಾಕೆಯನ್ನು ಕೇಳಿಕೊಂಡೆ. ಅವರು ಬಂದರು, ಪಾಪ. "ಇಷ್ಟಕ್ಕೆ ಎಲುಬು ಕೊಯ್ಯಿಸುವುದಾ ಮಾರಾಯ್ತಿ? ಶಾಲು ಸುತ್ತಿಕೊಂಡರೆ ಆಗ್ತಿರಲಿಲ್ವಾ?" ಎಂದು ಕೇಳುತ್ತಲೇ ಪಕ್ಕದಲ್ಲಿ ಕೂತರು. ಅಮ್ಮನಿಗೆ ಹೇಳಿದ್ದು ಮನೆಗೆ ಬಂದ ಮೇಲೆ, ಫೋನಿನಲ್ಲಿ. ಮೊದಲೇ ಹೇಳಿದ್ದರೆ ಬಿಡುತ್ತಿರಲಿಲ್ಲ.

ಬಾವು ಇಳಿದ ಮೇಲೆ ಗದ್ದ ಚೆನ್ನಾಗಿ ಬಂದಿತ್ತು, ಸುಳ್ಳು ಹೇಳಬಾರದು. ಅಂಗಡಿಗೆ ಮರಳಿದ ದಿನ ಕಂಬದ ಕನ್ನಡಿಯಲ್ಲಿ ಒಬ್ಬಳು ಸಾಧಾರಣ ಹೆಂಗಸು ಕಂಡಳು. ಅಷ್ಟೇ ನನಗೆ ಬೇಕಾಗಿದ್ದದ್ದು. ಖುಷಿಯಾಯಿತು. ಆದರೆ ಯಾರಾದರೂ ನೋಡಿ ಏನಾದರೂ ಹೇಳುತ್ತಾರೆ ಎಂದು ಕಾದದ್ದೂ ನಿಜ. ವರ್ಷಗಳಿಂದ ಬರುವ ಗಿರಾಕಿಯೊಬ್ಬರು ನನ್ನನ್ನೇ ದಿಟ್ಟಿಸಿ ನೋಡಿ, "ಎಂತ, ಕೂದಲು ಕಟ್ ಮಾಡಿಸಿದ್ದೀರಾ?" ಎಂದರು. ಹೌದು ಎಂದೆ. ಇಷ್ಟು ವರ್ಷ ನಾನು ಅಡಗಿಸಿಕೊಂಡು ತಿರುಗಿದ ಗದ್ದವನ್ನು ಯಾರೂ ನೋಡಿಯೇ ಇರಲಿಲ್ಲ. ಆ ದಿನ ಊಟ ಸೇರಲಿಲ್ಲ.

ಮರಗಟ್ಟಿದ್ದು ಮಾತ್ರ ಹೋಗಲಿಲ್ಲ. ಡಾಕ್ಟರು ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಗದ್ದ ಸವರಿ, ಗೊತ್ತಾಯಿತಾ ಎಂದು ಕೇಳಿದರು. ಇಲ್ಲ. ಈಗ? ಇಲ್ಲ. ಅವರು ಗಾಬರಿಯಾಗಲಿಲ್ಲ. "ಸಮಯ ಬೇಕು. ಮನೆಯಲ್ಲಿ ಯಾರಿಂದಾದರೂ ಹೀಗೆ ಆಗಾಗ ಮುಟ್ಟಿಸಿ ನೋಡಿ. ಯಾರಾದರೂ ಇದ್ದಾರಲ್ವಾ?"

"ಇದ್ದಾರೆ," ಎಂದೆ.

ಕೋಣೆಗೆ ಬಂದು, ಕಣ್ಣು ಮುಚ್ಚಿ, ಹತ್ತಿಯನ್ನು ನಾನೇ ಗದ್ದಕ್ಕೆ ತಾಗಿಸಿದೆ. ಗೊತ್ತಾದ ಹಾಗೆಯೇ ಅನಿಸಿತು. ಆದರೆ ಎಲ್ಲಿ ಮುಟ್ಟುತ್ತಿದ್ದೇನೆ ಎಂದು ನನ್ನ ಕೈಗೆ ಮೊದಲೇ ಗೊತ್ತಲ್ಲ! ಕೈಗೆ ಗೊತ್ತಿದ್ದದ್ದನ್ನೇ ಗದ್ದಕ್ಕೆ ಗೊತ್ತಾಯಿತು ಎಂದು ನಂಬಿಕೊಳ್ಳುವುದು ಬಹಳ ಸುಲಭ. ಇದು ಒಬ್ಬರೇ ಮಾಡಿಕೊಳ್ಳಲಾಗದ ಪರೀಕ್ಷೆ. ಕನ್ನಡಕ ಕೂರಿಸಲು ದಿನವಿಡೀ ಬೇರೆಯವರ ಕಿವಿ, ಮೂಗು, ಕೆನ್ನೆ ಮುಟ್ಟುವವಳು ನಾನು. ನನ್ನ ಮುಖ ಮುಟ್ಟಿ ಎಂದು ಯಾರನ್ನು ಕೇಳಲಿ? ಕೆಳಗಿನ ಮನೆಯಾಕೆಯನ್ನು ಕೇಳೋಣ ಎಂದು ಅರ್ಧ ಮೆಟ್ಟಿಲು ಇಳಿದೆ. ಅವರ ಮನೆಯಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದರು. ನಾಚಿಕೆಯಾಗಿ ತಿರುಗಿ ಹತ್ತಿದೆ.

ಆ ಭಾನುವಾರ ಕಾಪುವಿನ ಬಸ್ಸು ಹತ್ತಿದೆ. ಅಮ್ಮ ಅಲ್ಲಿ ಅಣ್ಣನ ಸಂಸಾರದ ಜೊತೆ ಇದ್ದಾಳೆ, ಈಗಲೂ ಮಾರ್ಕೆಟಿನಲ್ಲಿ ಮೀನು ಮಾರುತ್ತಾಳೆ. ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಚಂದ ಉಂಟು. ಆದರೆ ಈಗ ನೀನು ಕಾರ್ಕಳದ ಅತ್ತೆಯ ಹಾಗೆ ಕಾಣ್ತಿ."

ಕಾರ್ಕಳದ ಅತ್ತೆ ಎಂದರೆ ಅಪ್ಪನ ಅಕ್ಕ. ಅವರಿಗೂ ಅಮ್ಮನಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಇಷ್ಟೆಲ್ಲ ಕಷ್ಟಪಟ್ಟು ತಂದ ಮುಖ ಅತ್ತೆಯದಾಗಬೇಕೇ ಎಂದು ನನಗೆ ನಗು ಬಂತು.

ಅಮ್ಮ ಗಂಜಿ ಬಡಿಸಿ, ಕಾಣೆ ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಬದಿಗೆ ಇಟ್ಟಳು. ನಾನು ಅಂಗಡಿಯ ಸುದ್ದಿ ಹೇಳುತ್ತಾ ಉಣ್ಣುತ್ತಿದ್ದೆ. ಅವಳು ಸುಮ್ಮನೆ ನನ್ನ ಬಾಯಿಯ ಕೆಳಗೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಒರೆಸಿದಳು. ಗಂಜಿಯ ತಿಳಿ ಗದ್ದದಿಂದ ಇಳಿದು ಅಂಗಿಯ ಮೇಲೆ ಬಿದ್ದಿತ್ತು.

"ನಿನಗೆ ಗೊತ್ತೇ ಆಗುದಿಲ್ವಾ?"

ಆಗ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ದೇವರ ದೀಪದ ಹತ್ತಿಯಿಂದ ಒಂದು ಬತ್ತಿ ಹೊಸೆದು ತಂದಳು. "ಕಣ್ಣು ಮುಚ್ಚು," ಎಂದಳು.

ಮುಚ್ಚಿದೆ. ಸ್ವಲ್ಪ ಹೊತ್ತಿನಲ್ಲಿ, "ಮುಟ್ಟಿದಿ! ಗೊತ್ತಾಯಿತು!" ಎಂದು ಕೂಗಿದೆ.

"ನಾನು ಇನ್ನೂ ಮುಟ್ಟಲಿಲ್ಲ," ಎಂದಳು ಅಮ್ಮ.

ಕಣ್ಣು ಬಿಟ್ಟರೆ ಬತ್ತಿ ಇನ್ನೂ ದೂರದಲ್ಲೇ ಇತ್ತು. ಬಂದದ್ದು ಅವಳ ಕೈಯ ಮೀನಿನ ವಾಸನೆ. ಹುಟ್ಟಿದಾಗಿನಿಂದ ಅಮ್ಮ ಮುಟ್ಟುವ ಮೊದಲು ಆ ವಾಸನೆ ಬರುತ್ತದೆ. ವಾಸನೆ ಬಂತೆಂದರೆ ಅಮ್ಮ ಮುಟ್ಟಿದಳು ಎಂದೇ ನನ್ನ ಲೆಕ್ಕ.

ಮುಂದಿನ ಭಾನುವಾರ ನಾನು ಹೋಗುವಾಗ ಅಮ್ಮ ಬಾವಿಕಟ್ಟೆಯಲ್ಲಿ ಹುಣಸೆಹುಳಿ ಹಾಕಿ ಕೈ ತಿಕ್ಕುತ್ತಿದ್ದಳು. ಹುಳಿಯ ಮೇಲೆ ಸೋಪು, ಸೋಪಿನ ಮೇಲೆ ಮತ್ತೆ ಹುಳಿ. ಮೂಸಿ ನೋಡು ಎಂದು ಅಂಗೈ ಚಾಚಿದಳು. ಏನೂ ವಾಸನೆ ಇರಲಿಲ್ಲ. ಅದು ಅಮ್ಮನ ಕೈ ಎಂದೇ ಅನಿಸಲಿಲ್ಲ.

ಚಾವಡಿಯಲ್ಲಿ ಕೂತು ಕಣ್ಣು ಮುಚ್ಚಿದೆ. ಒಳಗೆ ಅತ್ತಿಗೆಯ ಮಿಕ್ಸಿ ತಿರುಗುತ್ತಿತ್ತು, ನಿಂತಿತು. ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಿ ಹೋದರು. ನಾನು ಕಾದೆ. ಈ ಸಲ ಅವಸರ ಮಾಡಬಾರದು, ಗೊತ್ತಾದರೆ ಮಾತ್ರ ಹೇಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ.

"ಇನ್ನೂ ಮುಟ್ಟಲಿಲ್ವಾ ಅಮ್ಮ?"

ಕಣ್ಣು ಬಿಟ್ಟೆ. ಬತ್ತಿ ನೆಲದ ಮೇಲೆ ಬಿದ್ದಿತ್ತು. ಅಮ್ಮ ತಲೆ ಬಾಚುವಾಗಿನ ಹಾಗೆಯೇ ಎರಡು ಬೆರಳಿನಿಂದ ನನ್ನ ಗದ್ದ ಹಿಡಿದುಕೊಂಡು ಕೂತಿದ್ದಳು. ಯಾವಾಗಿನಿಂದ ಹಿಡಿದಿದ್ದಳೋ.

"ಈಗ ಹಿಡಿಯಲಿಕ್ಕೆ ಸಿಗ್ತದೆ," ಎಂದಳು.